ಎಲ್ಪಿಡಿಯೊ ಬಿಟ್ಟ ಚೆಂಡು

ಇನ್ನೊಂದು ಚೆಂಡು ತಪ್ಪಿದರೆ ಎಲ್ಪಿಡಿಯೊ ಔಟ್. ಔಟಾದರೆ ಇದೇ ಅವನ ಕೊನೆಯ ಆಟ. ಕೋಚ್ ದೋನ್ ಫೌಸ್ತೊ ಬೆಳಿಗ್ಗೆಯೇ ಎತ್ತಲೋ ನೋಡುತ್ತ ಹೇಳಿಬಿಟ್ಟಿದ್ದ.

ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಎದುರಾಳಿ ತಂಡದ ಕ್ಯಾಚರ್ ನೆಫ್ತಾಲಿ ಸುಮ್ಮನಿರುವ ಪೈಕಿಯಲ್ಲ. ಇಬ್ಬರೂ ಒಂದೇ ಓಣಿಯವರು. ನೀರಿನ ಕ್ಯಾನಿನ ಮುಚ್ಚಳವನ್ನು ಪೊರಕೆ ಕೋಲಿನಲ್ಲಿ ಹೊಡೆದು ಬೇಸ್‌ಬಾಲ್ ಕಲಿತವರು. ನೆಫ್ತಾಲಿ ಈಗ ಮೈಕಿನವನ ಗಂಟಲನ್ನೇ ಕದ್ದು ಮೂಗಿನಲ್ಲಿ ಶುರುಮಾಡಿದ: “ಮಹನೀಯರೇ, ಮಹಿಳೆಯರೇ, ಇಗೋ ಸ್ಯಾನ್ ಪೆದ್ರೊದ ಸಿಡಿಲು... ಈಗ ಬರೀ ಗುಡುಗು.” ಆಮೇಲೆ ತನ್ನ ದನಿಯಲ್ಲೇ, “ನಿನ್ ಬೀಳ್ಕೊಡುಗೆ ಫಲಕ ಕೆತ್ತಿಸಿ ಆಗಿದೆಯಂತೆ ಕಣೋ” ಅಂದ.

“ನಿಂದೂ ಜೊತೇಲೇ ಕೆತ್ತಿಸ್ಬೇಕಿತ್ತು. ಅಗ್ಗ ಬೀಳ್ತಿತ್ತು.”

ಕೊನೆಯ ಸರದಿ, ಸ್ಕೋರು ಸಮ. ಮೂರೂ ಬೇಸ್‌ಗಳಲ್ಲಿ ಎಲ್ಪಿಡಿಯೊನ ತಂಡದವರೇ ನಿಂತಿದ್ದರು. ಮೂರು ಚೆಂಡು ಆಗಲೇ ಹೊಡೆತಕ್ಕೆ ಸಿಗುವ ಚೌಕದ ಹೊರಗೆ ಹೋಗಿದ್ದವು; ನಾಲ್ಕನೆಯದೂ ಹೊರಗೆ ಬಂದು, ಅದನ್ನು ಹೊಡೆಯದೆ ಬಿಟ್ಟರೆ, ಎಲ್ಲರೂ ಒಂದೊಂದು ಬೇಸ್ ಮುಂದಕ್ಕೆ, ಪುಕ್ಕಟೆ ರನ್, ಗೆಲುವು; ಒಳಗೆ ಬಂದದ್ದನ್ನು ಬಿಟ್ಟರೆ ಔಟ್. ಆದರೆ ಎಲ್ಪಿಡಿಯೊ ಬಿಡುವ ಆಸಾಮಿಯೇ? ಅವನ ಊರು ಸ್ಯಾನ್ ಪೆದ್ರೊದಲ್ಲಿ ಯಾರೂ ಬಿಡುವುದಿಲ್ಲ. ಅಮೆರಿಕದಿಂದ ಆಟಗಾರರನ್ನು ಆರಿಸಲು ಬರುವವರು ಹೊಡೆದವನನ್ನು ನೋಡುತ್ತಾರೆ, ಬಿಟ್ಟವನನ್ನಲ್ಲ. ಸಿಕ್ಕಿದ್ದಕ್ಕೆಲ್ಲ ಬೀಸಿಯೇ ಅವನು ಅಲ್ಲಿಗೆ ಹೋದದ್ದು, ಚೆಂಡುಗಳನ್ನು ಗೋಡೆಯಾಚೆ ಅಟ್ಟಿದ್ದು, ಅವ್ವನಿಗೊಂದು ಮನೆ ಕಟ್ಟಿಸಿದ್ದು.

ಮುಸ್ಸಂಜೆ. ದೀಪಗಳು ಹತ್ತಿಕೊಂಡವು. ಚೆಂಡೆಸೆಯುವ ಪಿಚರ್ ತೋಳು ಬೀಸಿದ. ಎಲ್ಪಿಡಿಯೊನ ಬ್ಯಾಟು ಅಲುಗಲಿಲ್ಲ.

ಹೊರಗೆ, ಅಂದ ಅಂಪೈರ್. ಗ್ಯಾಲರಿ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಎದ್ದು ಕುಣಿಯಿತು. ಎಲ್ಪಿಡಿಯೊ ಮೊದಲ ಬೇಸ್ ಮೆಟ್ಟುವುದೇ ತಡ, ದೋನ್ ಫೌಸ್ತೊ ಓಡಿಬಂದು ತಬ್ಬಿಕೊಂಡ. ಚೆಂಡು ಕೂದಲೆಳೆಯಷ್ಟು ಹೊರಗಿತ್ತು, ಅದನ್ನು ಕಂಡು ಬಿಡಬೇಕಾದರೆ ಎಂಥ ಕಣ್ಣಿರಬೇಕು, ಮುಂದಿನ ವರ್ಷವೂ ನೀನು ಇಲ್ಲೇ, ನಮ್ಮ ಹುಡುಗರಿಗೆ ಈ ತಾಳ್ಮೆ ಕಲಿಸು ಎಂದೆಲ್ಲ ಬಡಬಡಿಸಿದ. ಎಲ್ಪಿಡಿಯೊ ಆಗಲಿ ಎಂಬಂತೆ ತಲೆಯಾಡಿಸಿದ.

ಸೋತ ನೆಫ್ತಾಲಿ ಮುಖವಾಡ ಕಳಚಿ, ಕೈ ಕುಲುಕುವ ನೆಪದಲ್ಲಿ ಹತ್ತಿರ ಬಂದ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

“ನಿಜ ಹೇಳು. ಚೆಂಡು ಕಾಣಿಸ್ತಾ?”

ಎಲ್ಪಿಡಿಯೊ ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಾಗಿದ.

“ನಿನ್ ಗ್ಲೌಸಿಗೆ ಬಿದ್ದ ಸದ್ದು ಕೇಳಿಸ್ತು.”