ಮೇಜಿನ ಎತ್ತರ

ಇಪ್ಪತ್ತೆರಡು ದಿನಗಳ ಮೇಲೆ ಹೊಲಿಗೆ ಅಂಗಡಿಗೆ ಕಾಲಿಟ್ಟ ಕಟಿಂಗ್ ಮಾಸ್ಟರ್, ಬಟ್ಟೆ ಕತ್ತರಿಸುವ ತನ್ನ ಮೇಜಿನ ಮುಂದೆ ಹಾಗೇ ನಿಂತುಬಿಟ್ಟ. ನಾಲ್ಕು ಕಾಲುಗಳ ಕೆಳಗೂ ಮರದ ತುಂಡುಗಳು. ಹತ್ತೊಂಬತ್ತು ವರ್ಷ ಒಂದೇ ಎತ್ತರಕ್ಕಿದ್ದ ಮೇಜು ಈಗ ಅರ್ಧ ಗೇಣಿಗೂ ಮಿಕ್ಕಿ ಮೇಲೆದ್ದಿತ್ತು.

“ಯಾರು ಮಾಡಿದ್ದು ಇದು?”

“ನಾನೇ ಮಾಸ್ಟ್ರೇ,” ಅಂದಳು ಗುಂಡಿಯಕ್ಕ. ಎಂಟು ವರ್ಷದ ಹಿಂದೆ ಅಂಗಿಗಳಿಗೆ ಗುಂಡಿ ಹಚ್ಚಲು ಬಂದವಳಿಗೆ ಅಂಗಡಿಯವರು ಇಟ್ಟ ಹೆಸರು ಅದು. ಮಾಸ್ಟರ್ ಸೊಂಟ ಹಿಡಿದುಕೊಂಡು ಮನೆಗೆ ಹೋದ ಮಾರನೆಯ ದಿನದಿಂದ ಕತ್ತರಿ ಅವಳ ಕೈಯಲ್ಲಿತ್ತು.

“ಇಪ್ಪತ್ತು ದಿನಕ್ಕೇ ಮೇಜು ನಿನ್ನ ಹೆಸರಿಗೆ ಬರೆಸ್ಕೊಂಡ್ಯಾ?”

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಇಸ್ತ್ರಿ ಮಾಡುತ್ತಿದ್ದ ಇಬ್ಬರ ಕಡೆ ತಿರುಗಿದ್ದ. “ಬನ್ರಯ್ಯ, ಎತ್ತಿ ಹಿಡೀರಿ ಇದನ್ನ. ಆ ತುಂಡುಗಳೆಲ್ಲ ಹೊರಗೆ.” ಮೇಜು ಮೊದಲಿನ ಎತ್ತರಕ್ಕೆ ಇಳಿಯಿತು.

ಅವನ ಸಂಕಟ ಬರೀ ಸೊಂಟದ್ದಾಗಿರಲಿಲ್ಲ. ಮನೆಯಲ್ಲಿ ಅಂಗಾತ ಮಲಗಿದ್ದಾಗ ಹೆಂಡತಿ ಬಿಸಿನೀರಿನ ಚೀಲ ಇಡುತ್ತಾ, “ನೀವೇನೂ ಯೋಚ್ನೆ ಮಾಡ್ಬೇಡಿ, ಅಂಗಡೀಲಿ ಒಂದು ಕೆಲಸಾನೂ ನಿಂತಿಲ್ವಂತೆ,” ಎಂದಿದ್ದಳು. ಆ ಚೀಲಕ್ಕಿಂತ ಆ ಮಾತೇ ಹೆಚ್ಚು ಸುಟ್ಟಿತ್ತು. ಎರಡನೆಯ ವಾರ ಹೋಗಿ ತೋರಿಸಿದರೆ, ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಅವನನ್ನು ಬಗ್ಗಿಸಿ, ತಿರುಗಿಸಿ, ಒಂದೊಂದೇ ಕಾಲನ್ನು ಎತ್ತಿ ನೋಡಿ, “ಮೂಳೆಗೇನೂ ಆಗಿಲ್ಲ, ಹೆದರಬೇಡಿ. ಇಡೀ ದಿನ ಬಗ್ಗಿ ಬಗ್ಗಿ ಸೊಂಟ ಸೋತಿದೆ. ಇನ್ನು ಮಲಗಿದ್ದು ಸಾಕು, ಮಲಗಿದಷ್ಟೂ ಬಿಗಿಯುತ್ತೆ. ದಿನಾ ನಡೀರಿ. ನಿಮ್ಮ ಮೇಜು ಎಷ್ಟು ಎತ್ತರ ಇದೆ?” ಎಂದು ಕೇಳಿದ್ದರು. “ಮೇಜಿಗೇನಾಗಿದೆ ಡಾಕ್ಟ್ರೇ? ನೋವು ನನಗಲ್ವಾ?” ಅಂದಿದ್ದ ಇವನು. ಆಮೇಲೆ ಅವರು ಹೇಳಿದ್ದನ್ನು ಜೊತೆಗಿದ್ದ ಹೆಂಡತಿ ಗಮನವಿಟ್ಟು ಕೇಳಿಸಿಕೊಂಡಿದ್ದಳು. ಇವನ ತಲೆಯಲ್ಲಿ ಗುಂಡಿಯಕ್ಕನ ಕೈಯಲ್ಲಿದ್ದ ಕತ್ತರಿಯೇ ಓಡುತ್ತಿತ್ತು.

ಈಗ ಬಟ್ಟೆ ಹಾಸಿ, ಗೆರೆ ಎಳೆದು, ಬಗ್ಗಿದ. ಮೊದಲ ಪ್ಯಾಂಟು ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಮೂರನೆಯದರ ಅರ್ಧದಲ್ಲಿ ಸೊಂಟದಲ್ಲಿ ಚಳುಕು ಹೊಡೆದು ಮೇಜಿನ ಅಂಚು ಹಿಡಿದುಕೊಂಡ. ತುಕ್ಕು ಹಿಡಿದ ಕತ್ತರಿ ಬಿಚ್ಚಿಕೊಂಡ ಹಾಗೆ, ತಡೆದು ತಡೆದು ನೆಟ್ಟಗಾದ.

“ಕೂತ್ಕೋಬೇಡಿ ಮಾಸ್ಟ್ರೇ, ಸ್ವಲ್ಪ ಓಡಾಡಿ,” ಎನ್ನುತ್ತಾ ಗುಂಡಿಯಕ್ಕ ಅರ್ಧಕ್ಕೆ ನಿಂತ ಬಟ್ಟೆಯನ್ನು ತಾನು ಹಿಡಿದಳು.

ಹೊಲಿಗೆ ಯಂತ್ರಗಳ ಸಾಲಿನ ಪಕ್ಕದಲ್ಲಿ ಬಾಗಿಲವರೆಗೆ ಹೋದ, ಬಂದ. ಮೂರನೆಯ ಸಲ ತಿರುಗಿದಾಗ ಕಂಡಿತು. ಅವಳು ಬಗ್ಗಿರಲೇ ಇಲ್ಲ. ಅವನ ಹೆಗಲಿಗೆ ಬರುವ ಹೆಂಗಸು. ಅವನನ್ನು ಹತ್ತೊಂಬತ್ತು ವರ್ಷ ಬಗ್ಗಿಸಿದ ಮೇಜು ಅವಳಿಗೆ ಹೇಳಿ ಮಾಡಿಸಿದಂತಿತ್ತು. ಬೆನ್ನು ನೆಟ್ಟಗೆ, ಹೆಗಲು ಸಡಿಲ, ಕತ್ತರಿ ಎಲ್ಲೂ ತಡವರಿಸದೆ ಸರ್ರನೆ ಹೋಗುತ್ತಿತ್ತು. ಆ ಸದ್ದು ತನ್ನೊಬ್ಬನ ಕೈಯದೆಂದೇ ಅವನು ಇದುವರೆಗೆ ತಿಳಿದಿದ್ದ.

ಹತ್ತಿರ ಬಂದು ಕೇಳಿದ, “ನಿನಗೆ ಇದೇ ಎತ್ತರ ಸರಿಯಿದೆಯಲ್ಲ. ಮತ್ಯಾಕೆ ಏರಿಸ್ದೆ?”

“ನನಗೆ ಸರಿಯಿದೆ. ನಿಮಗಿಲ್ವಲ್ಲ. ಮೇಜು ನಿಮ್ಮ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿದ್ರೆ ಸಾಕು, ಬಗ್ಗೋ ಕೆಲಸವೇ ಇಲ್ಲ ಅಂತ ಡಾಕ್ಟ್ರಮ್ಮ ಹೇಳಿದ್ರಂತೆ. ನಿಮ್ಮನೆಯವರು ಸಿಕ್ಕಾಗ ಅಂದ್ರು. ಇವತ್ತು ಬರ್ತೀರಿ ಅಂತ ನಿನ್ನೆ ಸಾಯಂಕಾಲ ಹಾಕಿಸ್ದೆ.”

“ನನ್ನ ಅಳತೆ ಕೊಟ್ಟಿದ್ದೂ ಅವಳೇನಾ?”

“ಅಳತೆ ಯಾಕೆ ಮಾಸ್ಟ್ರೇ? ಎಂಟು ವರ್ಷದಿಂದ ಕಣ್ಣೆದುರಿಗೇ ನಿಂತಿದ್ದೀರಿ. ನೋಡಿದ್ರೆ ಗೊತ್ತಾಗಲ್ವಾ?”

ಅವನು ಹೊರಗೆ ಬಿದ್ದಿದ್ದ ಮರದ ತುಂಡುಗಳ ಕಡೆ ನೋಡಿದ. “ಅಷ್ಟೆತ್ತರ ಮಾಡಿದ್ರೆ ನೀನು ಹೇಗೆ ಕತ್ತರಿಸ್ತೀಯ?”

“ನಾನ್ಯಾಕೆ ಕತ್ತರಿಸ್ಲಿ? ನೀವು ಬಂದ್ರಲ್ಲ. ನನ್ನ ಗುಂಡಿ ಡಬ್ಬ ಎಲ್ಲೂ ಹೋಗಿಲ್ಲ ಬಿಡಿ.”

ಇಸ್ತ್ರಿಯವರನ್ನು ಮತ್ತೆ ಕರೆದ. ಅವರು ಮುಖಮುಖ ನೋಡಿಕೊಂಡು, ಮೇಜೆತ್ತಿ, ತುಂಡುಗಳನ್ನು ಮತ್ತೆ ಕಾಲುಗಳ ಕೆಳಗೆ ಇಟ್ಟರು. ಮಾಸ್ಟರ್ ಕುತ್ತಿಗೆಯಲ್ಲಿದ್ದ ಟೇಪು ಎಳೆದ. ಯಾವ ಗಿರಾಕಿಯನ್ನೂ ಮೂರು ಸಲ ಅಳೆಯದೆ ಬಿಟ್ಟವನಲ್ಲ ಅವನು. ಕಣ್ಣನ್ನು ಮಾತ್ರ ನಂಬಬೇಡಿ ಎಂದು ಇಡೀ ಅಂಗಡಿಗೆ ಕಲಿಸಿದವನು. ನೆಲದಿಂದ ಮೊಣಕೈಗೆ ಹಿಡಿದ, ನಾಲ್ಕು ಬೆರಳು ಕಳೆದ, ಆಮೇಲೆ ಮೇಜಿಗೆ ಹಿಡಿದ. ಒಂದೆಳೆ ದಾರದಷ್ಟೂ ವ್ಯತ್ಯಾಸವಿರಲಿಲ್ಲ. ಮತ್ತೊಮ್ಮೆ ಅಳೆದ. ಮೂರನೆಯ ಸಲವೂ ಅಷ್ಟೇ ಬಂತು. ಯಂತ್ರಗಳ ಸದ್ದು ಒಂದೊಂದಾಗಿ ನಿಂತು, ಎಲ್ಲರೂ ಇತ್ತಲೇ ನೋಡುತ್ತಿದ್ದರು.

ಟೇಪು ಸುತ್ತುತ್ತಾ ಅಂದ, “ಅರ್ಧ ಇಂಚು ಜಾಸ್ತಿಯಾಗಿದೆ.”

“ಇಳಿಸಿ ಸರಿ ಮಾಡಿಸ್ಲಾ ಮಾಸ್ಟ್ರೇ?”

“ಬೇಡ ಬಿಡು,” ಎಂದ, ಅವಳ ಮುಖ ನೋಡದೆ ಬಟ್ಟೆ ಹರಡುತ್ತಾ. “ನಾನೇ ಹೊಂದ್ಕೋತೀನಿ.”