ಹೋಗುವವರ ಮಾತು

ತುಂಗಭದ್ರೆ ಎರಡು ದೇಶಗಳ ಗಡಿಯಾಗಿ ಒಂಬತ್ತು ವರ್ಷವಾಗಿತ್ತು. ದಕ್ಷಿಣ ದಡದ ಸೇತುವೆಯ ಗೇಟಿನಲ್ಲಿ ಗುಮಾಸ್ತೆ ನೀಲಗಂಗಾಳ ಮುಂದೆ ಅಂದಿನ ನಲವತ್ತನೆಯ ಮನುಷ್ಯ ನಿಂತಿದ್ದ. ಅರವತ್ತು ದಾಟಿದ ಮಾಬುಸಾಬ. ಗಾರೆ ಕೆಲಸ, ಪರವಾನಗಿ ಇಲ್ಲದೆ ಆರು ವರ್ಷ ವಾಸ, ಈಗ ಗಡಿಪಾರು.

ದಾಟುವ ಮೊದಲು, ಮಾತು ಕೇಳಿ ಉದ್ದೇಶ ಅಳೆಯುವ ಗೇಟಿನ ಯಂತ್ರಕ್ಕೆ ವಿದಾಯದ ಒಂದು ಮಾತು ಹೇಳಬೇಕು. ಮಾಬುಸಾಬ ಆಗಲೇ ಎರಡು ಸಲ "ಬರ್ತೀನ್ರಿ" ಎಂದಿದ್ದ. ಎರಡು ಸಲವೂ ಯಂತ್ರ 'ಮರಳಿ ನುಸುಳುವ ಉದ್ದೇಶ' ಎಂದು ಬರೆದುಕೊಂಡು ಕೆಂಪು ದೀಪ ಹಚ್ಚಿತ್ತು. ಮೂರನೆಯ ಸಲವೂ ಹಾಗೇ ಅಂದರೆ ಎರಡು ವರ್ಷ ಶಿಬಿರವಾಸ.

"ಅಜ್ಜಾರ, ಹೋಗ್ತೀನಿ ಅನ್ರಿ. ಬಾಯೇನ್ ಸವೆಯಂಗಿಲ್ಲ."

"ಹೊಂಡೋ ಮುಂದ ಹಂಗ ಅಂತಾರೇನವ್ವಾ? ಹೆಣ ಹೋಗ್ತೈತಿ. ಮನಷ್ಯಾ ಬರ್ತೀನಿ ಅಂತಾನ."

"ನನಗ ಗೊತ್ತೈತ್ರಿ, ಅದಕ್ಕ ಗೊತ್ತಿಲ್ಲ. ಆ ಕಡೆ ನೋಡ್ರಿ, ನಿಮ್ಮ ಮನಿಯವರು ಮುಂಜಾನಿಂದ ನಿಂತಾರ."

ಸೇತುವೆಯ ಆಚೆ ತುದಿಯಲ್ಲಿ ಹಳದಿ ಸೀರೆಯೊಂದು ಕಾಣುತ್ತಿತ್ತು. ಮುದುಕ ಅದನ್ನೇ ನೋಡುತ್ತ ನಿಂತು, ಕೊನೆಗೆ ಯಂತ್ರದತ್ತ ಬಾಗಿ "ಹೋಗ್ತೀನಿ" ಎಂದ.

ಗೇಟು ತೆರೆಯಿತು. ಚೀಲ ಹೆಗಲಿಗೇರಿಸಿದ ಮಾಬುಸಾಬ ಹೊರಡಲಿಲ್ಲ. ಇವಳೂ ಒಂದು ಮಾತು ಅನ್ನಲಿ ಎಂದು ಕಾದು ನಿಂತ.

"ಹೋಗಿ ಬರ್ರಿ" ಎಂಬುದು ನೀಲಗಂಗಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಂತ್ರ ಸಿಬ್ಬಂದಿಯ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಅದನ್ನು ಆಹ್ವಾನವೆಂದು ಬರೆದುಕೊಂಡು ಗೇಟು ಮುಚ್ಚಿಬಿಡುತ್ತದೆ.

"ಹೋಗ್ರಿ, ಅಜ್ಜಾರ," ಎಂದಳು, ಅವನ ಮುಖ ನೋಡದೆ.