ತಾಯಿ ಬಣ್ಣ

ಆ ಮುಂಜಾನೆ ಬನಹಟ್ಟಿಯ ಮೇಲೆ ಮೋಡ ಕವಿದಿತ್ತು. ಹನಿಯೂ ಇಲ್ಲ, ಬಿಸಿಲೂ ಇಲ್ಲ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಮದುವೆ ಸೀರೆಗಳ ನಲವತ್ತು ಲಡಿ ಬಿಳಿ ನೂಲಿಗೆ ಅರಿಶಿನದ ಹಳದಿ ಹಾಕಬೇಕಿತ್ತು. ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗು ಬರೆಯುವ ಕಲ್ಮೇಶ ಕೊಟ್ಟ ಬಣ್ಣದ ಅಳತೆಯ ಚೀಟಿಯನ್ನು ಸಾವಕಾರ ಬಸಗೊಂಡಪ್ಪ ಓದಿ ಮುಗಿಸಿದ್ದೇ ತಡ, ಬಣ್ಣ ಹಾಕುವ ಕಸ್ತೂರೆವ್ವ ಒಲೆಯೊಳಗಿನ ಕಟ್ಟಿಗೆಯನ್ನು ಹೊರಗೆಳೆದಳು.

“ಕೆಂಪು ಪೂರಾ, ಹಸರು ಪೂರಾ, ನೀಲಿ ಇಲ್ಲ. ಇದು ಹಳದಿ ಆಗೂದಿಲ್ರಿ ಸಾವಕಾರ್ರ.”

“ಕಂಪ್ಯೂಟರಿನ್ಯಾಗ ಆಗೇತಿ. ಕಲ್ಮೇಶ ಎರಡೂ ಕೂಡಿಸಿದ, ಅರಿಷಿಣ ಬಂತು. ಕಣ್ಣಾರೆ ನೋಡೇನಿ.”

“ಕೆಂಪು, ಹಳದಿ, ನೀಲಿ ಮೂರೂ ತಾಯಿ ಬಣ್ಣರಿ. ಉಳಿದಾವೆಲ್ಲ ಇವರ ಮಕ್ಕಳು. ಮಕ್ಕಳ ಹೊಟ್ಟಿಲೆ ತಾಯೀನ ಹುಟ್ಟಸಾಕ ಬರತೈತೇನ್ರಿ?”

“ಹಂಡೆ ತಿರುವಿ ತಿರುವಿ ಯಂತ್ರಕ್ಕಿಂತ ಶಾಣ್ಯಾ ಆದಿ ನೀ. ಇವತ್ತಿಂದ ಕಣ್ಣಳತಿ ಬಂದ್. ಚೀಟಿ ಹೇಳಿದಂಗ ಹಾಕು. ಆಗದಿದ್ರ ನಾಳಿಂದ ನೂಲಿನ ಕಂಡಕಿ ಸುತ್ತಾಕ ಕುಂಡ್ರು.”

“ಸುತ್ತತೇನಿ. ಆದ್ರ ನಲವತ್ತು ಲಡಿ ನನ್ನ ಕೈಲೆ ಕೆಡಸಾಂಗಿಲ್ಲ. ಒಂದ ಕೆಡಸ್ತೇನಿ, ನೋಡ್ರಿ.”

ಬೋಗುಣಿಗೆ ಕುದಿನೀರು ತೋಡಿಕೊಂಡು, ಚೀಟಿಯಲ್ಲಿದ್ದಂತೆಯೇ ಎರಡೂ ಪುಡಿ ಹಾಕಿ, ಒಂದು ಲಡಿ ಅದ್ದಿ ಎತ್ತಿದಳು. ಹಳೆಯ ಹುಣಸೆಹಣ್ಣಿನ ಬಣ್ಣ.

“ಇದನ್ನ ಯಾ ಮದಿಮಗಳಿಗಿ ಉಡಸ್ತೀರಿ?”

“ಬೇಕಂತ ಮಾಡಿದಿ,” ಎಂದ ಬಸಗೊಂಡಪ್ಪ.

ದಿನವೂ ಹಂಡೆಗೆ ವಿಭೂತಿ ಹಚ್ಚಿ, ಕೈಮುಗಿದೇ ಒಲೆ ಹೊತ್ತಿಸುವವಳು ಅವಳು. ಹಸಿ ಕೈಯವರು ಕಾಲಿಡಬಾರದೆಂದಿದ್ದ ಕಂಪ್ಯೂಟರಿನ ಕೋಣೆಗೆ ಹಸಿ ಕೈಯಲ್ಲೇ ನಡೆದಳು. ಸಾವಕಾರ ಹಿಂದೆಯೇ ಬಂದ. ಕಲ್ಮೇಶ ಗಾಬರಿಯಿಂದ ಎದ್ದು ನಿಂತ.

“ತೋರ್ಸು ತಮ್ಮಾ, ನಿನ್ನ ಹಳದಿ.”

ಪರದೆ ತುಂಬ ಅರಿಶಿನ ಹರಡಿತು. ಕಸ್ತೂರೆವ್ವ ಬಗ್ಗಿ ನೋಡಿದಳು. ಬೆರಳ ತುದಿಯ ಹನಿಯೊಂದು ಗಾಜಿಗೆ ಅಂಟಿಕೊಂಡಿತು. ಭೂತಗನ್ನಡಿಯಂತಾದ ಆ ಹನಿಯೊಳಗೆ ಹಳದಿ ಇರಲಿಲ್ಲ. ಸಾಸಿವೆಗಿಂತ ಸಣ್ಣ ಕೆಂಪು ಕಾಳು, ಅದರ ಮಗ್ಗುಲಲ್ಲಿ ಹಸಿರು ಕಾಳು, ಮತ್ತೆ ಕೆಂಪು, ಮತ್ತೆ ಹಸಿರು.

“ಬರ್ರಿ ಸಾವಕಾರ್ರ. ಎಲ್ಲೈತಿ ಹಳದಿ, ಹುಡುಕ್ರಿ.”

ಬಸಗೊಂಡಪ್ಪ ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

“ಇದು ಬೆಳಕರಿ,” ಎಂದ ಕಲ್ಮೇಶ ಮೆಲ್ಲಗೆ. “ಕೆಂಪು ಬೆಳಕು, ಹಸರು ಬೆಳಕು ಎರಡೂ ಕೂಡೇ ಕಣ್ಣಿಗಿ ಬರತಾವ. ಕಣ್ಣು ಅದನ್ನ ಹಳದಿ ಅಂತೈತಿ. ಇದರಾಗಿನ ತಾಯಂದ್ರು ಬ್ಯಾರೆ ಯವ್ವಾ. ಕೆಂಪು, ಹಸರು, ನೀಲಿ. ನಾ ಚೀಟಿ ಬರದದ್ದು ಪರದೆಗೆ, ಹಂಡೆಗಲ್ಲ.”

“ಹಂಗ ಹೇಳು. ದೇವರ ಮುಂದ ದೀಪಕ್ಕ ದೀಪ ಕೂಡಿದ್ರ ಬೆಳಕು ಬೆಳಿತೈತಿ. ಬಣ್ಣ ಬೆಳಕು ಕೊಡೂದಿಲ್ಲಪಾ, ತಿಂತೈತಿ. ಕೆಂಪು ಒಂದಿಷ್ಟು ತಿಂತು, ಉಳಿದದ್ದು ಹಸರು ತಿಂತು. ನಿಮ್ಮ ಕಣ್ಣಿಗಿ ಏನ ಉಳೀತು? ಹುಣಸಿಹಣ್ಣು.”

ಕಲ್ಮೇಶನಿಗೆ ನಗು ಬಂತು. ಸಾವಕಾರನ ಮುಖ ನೋಡಿ ನುಂಗಿಕೊಂಡ.

“ಆ ಲಡಿ ತಿಪ್ಪಿಗಿ ಒಗಿ,” ಎಂದ ಬಸಗೊಂಡಪ್ಪ.

“ಒಗ್ಯಾಂಗಿಲ್ರಿ.”

ಕಸ್ತೂರೆವ್ವ ಹೊರಗೆ ಬಂದು, ಕೆಟ್ಟ ಲಡಿಯನ್ನು ಜಾಡಿಸಿ, ಬೀದಿಗೆ ಕಾಣುವಂತೆ ನೂಲು ಒಣಹಾಕುವ ಮುಂದಿನ ಗಳದ ನಟ್ಟನಡುವೆ ತೂಗುಹಾಕಿದಳು. ಬೀದಿಯಲ್ಲಿ ಹೋಗುತ್ತಿದ್ದ ನೇಕಾರರಿಬ್ಬರು ನಿಂತು ನೋಡಿದರು. ಸಾವಕಾರ ಅದನ್ನು ತೆಗೆ ಎನ್ನಲಿಲ್ಲ. ಒಳಗೆ ಹೋಗಿ ಕಪಾಟಿನಿಂದ ಹಳದಿ ಪುಡಿಯ ಡಬ್ಬಿ ತಂದ. ತಾನೇ ಮುಚ್ಚಳ ತೆಗೆದು, ಹಂಡೆಯ ಪಕ್ಕದಲ್ಲಿ ಅವಳ ಕೈಗೆ ಎಟಕುವಂತೆ ಇಟ್ಟ.

“ಎಷ್ಟ ಹಾಕೂದು?” ಎಂದು ಸಣ್ಣ ದನಿಯಲ್ಲಿ ಕೇಳಿದ.